ಆಲ್ಪ್ಸ್‌ನಲ್ಲಿ ಮೊದಲ ಸಲ ಟ್ರೇಲ್ ರನ್ನಿಂಗ್: ಯಾವ ಗೈಡ್‌ಬುಕ್ ಕೊಳ್ಳಲಿ, ಅಥವಾ ಫೋನಿನಲ್ಲಿ ದಾರಿಯ ಗೆರೆ ತೋರಿಸುವ ಜಿಪಿಎಕ್ಸ್ ಫೈಲ್ ಇದ್ದರೆ ಸಾಕಾ?

ಜೂನ್ ಕೊನೆಯ ವಾರ. ಪುಸ್ತಕದಲ್ಲಿ 'ಮಧ್ಯಮ' ಅಂತ ಬರೆದಿರುವ 18 ಕಿ.ಮೀ. ದಾರಿ, ಒಟ್ಟು ಏರು 1,500 ಮೀಟರ್. ಹಾಫ್ ಮ್ಯಾರಥಾನ್‌ಗಿಂತ ಚಿಕ್ಕದು, ಆರಾಮಾಗಿ ಆಗುತ್ತದೆ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡು ಹೊರಟಿದ್ದವನು.

ನನ್ನದು ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿ, ಒಂದು ಪಾಸ್ (ಶಿಖರಗಳ ನಡುವೆ ಬೆಟ್ಟ ದಾಟುವ ತಗ್ಗು) ಹತ್ತಿಳಿದು ಹೊರಟ ಜಾಗಕ್ಕೇ ಬಂದು ಸೇರುವ ಸುತ್ತುದಾರಿ. ಕೈಯಲ್ಲಿ ಒಳ್ಳೆಯ ಗೈಡ್‌ಬುಕ್ಕೇ ಇತ್ತು. ಅದರಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಆ ದಾರಿಯನ್ನು ಉಲ್ಟಾ ಓಡಿದೆ.

ಯಾಕೆ ಅಂತ ಹೇಳುತ್ತೇನೆ, ಏಕೆಂದರೆ ಆಗ ಅದು ಬಹಳ ಜಾಣತನ ಅನಿಸಿತ್ತು. ಪಾಸ್‌ನ ಉತ್ತರದ ಕಡೆ ಕಡಿದಾದ ಇಳಿಜಾರು, ಕಾಲಿಟ್ಟರೆ ಜಾರುವ ಸಡಿಲ ಕಲ್ಲು. ದಕ್ಷಿಣದ ಕಡೆ ಹುಲ್ಲುಗಾವಲು, ಅಗಲವಾದ ಕಾಲುದಾರಿ, ನಡುವೆ ಚಾರಣಿಗರು ತಂಗುವ, ನೀರು ಸಿಗುವ ಹಟ್. ಪುಸ್ತಕ ಬರೆದವರು ಉತ್ತರದಿಂದ ಹತ್ತಿ ದಕ್ಷಿಣಕ್ಕೆ ಇಳಿಯಿರಿ ಎಂದಿದ್ದರು. ನಾನು ಹಿಂದಿನ ರಾತ್ರಿ ಏರಿಳಿತದ ಗೆರೆ ನೋಡಿ, ಸುಮ್ನೆ ಯಾಕೆ ಕಡಿದಾದ ಕಡೆಯಿಂದ ಹತ್ತಿ ಸುಸ್ತಾಗಬೇಕು, ಮೆತ್ತಗೆ ಹತ್ತಿ ಜೋರಾಗಿ ಇಳಿದುಬಿಡೋಣ ಎಂದು ತೀರ್ಮಾನ ಮಾಡಿದೆ.

ಹತ್ತುವ ತನಕ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಬೇಗ ಹೊರಟಿದ್ದೆ, ಆಕಾಶ ತಿಳಿಯಾಗಿತ್ತು. ಪಾಸ್ ತಲುಪಿ ಆ ಕಡೆ ಬಗ್ಗಿ ನೋಡಿದರೆ ಹಿಮ. ತುಂಬಾ ದೊಡ್ಡದೇನಲ್ಲ, ಒಂದು ಕೊರಕಲಿನ ಅಗಲದಷ್ಟು. ಆದರೆ ಇಳಿಜಾರು ಮುಂದೆ ಉಬ್ಬಿಕೊಂಡಿದ್ದರಿಂದ ಹಿಮ ಎಲ್ಲಿ ಮುಗಿಯುತ್ತದೆ ಅಂತ ಮೇಲಿನಿಂದ ಕಾಣುತ್ತಿರಲಿಲ್ಲ. ರಾತ್ರಿ ಮೋಡವಿಲ್ಲದಿದ್ದರೆ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಉತ್ತರದ ಕಡೆ ಬಿಸಿಲು ಬೀಳುವುದೂ ತಡ. ಹಿಮ್ಮಡಿ ಊರಿ ನೋಡಿದೆ. ಗುರುತೂ ಬೀಳಲಿಲ್ಲ. ಮೇಲೆ ಅಂಟಿದ್ದ ಸಣ್ಣ ಕಲ್ಲುಗಳು ಟಪಟಪ ಉರುಳಿ ಉಬ್ಬಿನಾಚೆ ಹೋದವು, ಬಿದ್ದ ಸದ್ದು ಕೇಳಲಿಲ್ಲ.

ಆಗಲೇ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದಿದೆ, ಏರು ಪೂರ್ತಿ ಮುಗಿದಿದೆ, ಇನ್ನು ಇಳಿಯುವುದು ತಾನೇ ಎಂದಿತು ಮನಸ್ಸು. ನಾಲ್ಕು ಹೆಜ್ಜೆ ಇಟ್ಟಿರಬೇಕು, ಜಾರಿದೆ. ಕೆಳಗೆ ಕಲ್ಲಿನ ರಾಶಿಗೆ ಬಡಿದು ನಿಂತಾಗ ಎಡ ಮಣಿಕಟ್ಟು ಮುರಿದಿತ್ತು.

ಈಗ ಅದೇ ಜಾಗಕ್ಕೆ ಪುಸ್ತಕ ಹೇಳಿದಂತೆ ಕೆಳಗಿನಿಂದ ಬಂದಿದ್ದೇನೆ ಅಂದುಕೊಳ್ಳಿ. ಹಿಮ ಅರ್ಧ ಗಂಟೆ ಮೊದಲೇ ಕಣ್ಣಿಗೆ ಬೀಳುತ್ತಿತ್ತು. 'ಜುಲೈ ಮಧ್ಯದವರೆಗೆ ಇಲ್ಲಿ ಹಿಮ ಇರಬಹುದು, ಕೆಳಗಿನಿಂದ ಕಂಡರೆ ಮರಳಿ' ಎಂಬ ಅರ್ಥದ ಸಾಲು ಎರಡನೇ ಪ್ಯಾರಾದಲ್ಲೇ ಇತ್ತು. ಉಲ್ಟಾ ಹೊರಟ ನನಗೆ ಅದು ಕೊನೆಗೆ ಬರುವ ಸಂಗತಿಯಾಗಿ, ಆಮೇಲೆ ನೋಡಿದರಾಯಿತು ಎಂಬಂತಾಯಿತು. ಕಡಿದಾದ ಜಾಗ ಹತ್ತುವಾಗ ಕೈಯೂ ನೆರವಿಗೆ ಬರುತ್ತದೆ, ಮುಂದೇನಿದೆ ಅಂತ ಕಾಣುತ್ತದೆ, ಬೇಡ ಅನಿಸಿದರೆ ನಿಲ್ಲಬಹುದು. ಇಳಿಯುವಾಗ ಇದ್ಯಾವುದೂ ಇಲ್ಲ. ಸುಸ್ತಾಗುವ ಹೊತ್ತಿಗೆ ಅಗಲ ದಾರಿ, ನೀರು, ಜನ ಸಿಗಲಿ ಅಂತಲೇ ಅವರು ದಕ್ಷಿಣವನ್ನು ಕೊನೆಗೆ ಇಟ್ಟಿದ್ದರು. ನಾನು ಅದೆಲ್ಲವನ್ನೂ ಬೆಳಿಗ್ಗೆ ಎಂಟಕ್ಕೇ ಖರ್ಚು ಮಾಡಿ ಮುಗಿಸಿದ್ದೆ.

ಇನ್ನೊಂದು ಎಡವಟ್ಟು ಕೇಳಿ. ಉಲ್ಟಾ ಹೋಗುತ್ತಿದ್ದೇನಲ್ಲ, ಹಾಗಾಗಿ ಪುಸ್ತಕದ ಎಡವನ್ನೆಲ್ಲ ಬಲ ಅಂತ, ಬಲವನ್ನೆಲ್ಲ ಎಡ ಅಂತ ಓದಿಕೊಳ್ಳುತ್ತಿದ್ದೆ. ತಿರುವುಗಳಿಗೆ ಅದು ಸರಿ. ಆದರೆ 'ತೊರೆಯ ಎಡದಂಡೆ' ಎಂದರೆ ನೀರು ಹರಿಯುವ ದಿಕ್ಕಿಗೆ ಮುಖಮಾಡಿದಾಗಿನ ಎಡ. ನೀವು ಹತ್ತಿದರೂ ಇಳಿದರೂ ಅದು ಬದಲಾಗುವುದಿಲ್ಲ. ನಾನು ಅದನ್ನೂ ತಿರುಗಿಸಿಕೊಂಡೆ. ಮುರಿದ ಕೈಯನ್ನು ಎದೆಗವಚಿಕೊಂಡು ತಪ್ಪು ದಂಡೆಯ ಬಂಡೆಗಳಲ್ಲಿ ಬಹಳ ಹೊತ್ತು ತಡಕಾಡಿದ ಮೇಲೆ ಆಚೆ ದಂಡೆಯಲ್ಲಿ ದಾರಿಗುರುತಿನ ಬಿಳಿ-ಕೆಂಪು-ಬಿಳಿ ಪಟ್ಟಿ ಕಾಣಿಸಿತು. ಅಲ್ಲಿಂದ ರಸ್ತೆಯವರೆಗೆ ನಡೆದೇ ಹೋದೆ. ಆ ಬೇಸಿಗೆ ಓಟ ಅಲ್ಲಿಗೆ ಮುಗಿಯಿತು.

ಹಾಗಾಗಿ 'ಯಾವ ಪುಸ್ತಕ' ಅನ್ನುವ ಪ್ರಶ್ನೆಯೇ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. 'ಪುಸ್ತಕವಾ ಜಿಪಿಎಕ್ಸಾ' ಅನ್ನುವುದಂತೂ ಇಲ್ಲವೇ ಇಲ್ಲ. ಗೈಡ್‌ಬುಕ್‌ನಲ್ಲಿರುವುದು ಬರೀ ಗೆರೆಯಲ್ಲ. ಈ ದಿಕ್ಕಿನಿಂದ, ಈ ಹೊತ್ತಿಗೆ, ಈ ತಿಂಗಳಲ್ಲಿ ಹೋಗಿ ಅನ್ನುವ ಲೆಕ್ಕ ಅದರಲ್ಲಿದೆ. ಜಿಪಿಎಕ್ಸ್ ಫೈಲ್‌ನಲ್ಲಿ ಗೆರೆ ಮಾತ್ರ ಉಳಿಯುತ್ತದೆ. ಅದನ್ನು ಹಾಕಿದವರು ಸೆಪ್ಟೆಂಬರಿನಲ್ಲಿ ಒಣ ನೆಲದ ಮೇಲೆ ಹೋಗಿದ್ದರೋ ಏನೋ ನಿಮಗೇನು ಗೊತ್ತು? ಫೋನಿಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅದಕ್ಕೆ ಆ ದಾರಿಯ ಪುಟಗಳ ಪ್ರಿಂಟ್ ಪ್ಲಾಸ್ಟಿಕ್ ಕವರಿನಲ್ಲಿ ಜೇಬಿನಲ್ಲಿರಲಿ.

ಅಂಗಡಿಯಲ್ಲಿ ನಿಂತು ಆರಿಸುವುದಾದರೆ ಫೋಟೋ ನೋಡಬೇಡಿ. ಒಂದು ದಾರಿಯ ವಿವರ ಪೂರ್ತಿ ಓದಿ. ಯಾವ ದಿಕ್ಕಿನಿಂದ, ಯಾಕೆ ಅಂತ ಹೇಳಿದ್ದಾರಾ? ದಾರಿ ಕವಲೊಡೆಯುವ ಕಡೆ ಎತ್ತರ ಕೊಟ್ಟಿದ್ದಾರಾ? ಮಂಜು ಮುಸುಕಿದಾಗ '2,340 ಮೀಟರ್‌ನಲ್ಲಿ ಬಲಕ್ಕೆ' ಅನ್ನುವುದೊಂದೇ ಕೈಹಿಡಿಯುವುದು, ಕೈಯಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ಇರುವ ವಾಚ್ ಇದ್ದರೆ. ನಡುವೆ ಬಿಟ್ಟು ಕೆಳಗಿಳಿಯುವ ದಾರಿ ಎಲ್ಲಿದೆ ಅಂತ ಬರೆದಿದ್ದಾರಾ? ಇವಿಲ್ಲದಿದ್ದರೆ ಇಟ್ಟುಬನ್ನಿ. ಹಳೆಯ ಮುದ್ರಣವೂ ಬೇಡ. ಅಲ್ಲಿ ಹಿಮನದಿಗಳು ಹಿಂದೆ ಸರಿಯುತ್ತಿವೆ, ಹೆಪ್ಪುಗಟ್ಟಿದ ನೆಲ ಕರಗಿ ಬಂಡೆ ಬೀಳುತ್ತವೆ. 2025ರ ಮೇ 28ರಂದು ಇದೇ ವಾಲೇಯಲ್ಲಿ ಬಿರ್ಚ್ ಹಿಮನದಿ ಕುಸಿದು ಬ್ಲಾಟನ್ ಊರನ್ನು ಬಹುಪಾಲು ಮುಚ್ಚಿಹಾಕಿತು. ಜನರನ್ನು ಮೊದಲೇ ತೆರವು ಮಾಡಿದ್ದರು. ಅದಕ್ಕಿಂತ ಮೊದಲು ಅಚ್ಚಾದ ಯಾವ ಪುಸ್ತಕಕ್ಕೂ ಈಗಿನ ಆ ಕಣಿವೆ ಗೊತ್ತಿಲ್ಲ.

'ಮಧ್ಯಮ' ಅನ್ನುವುದನ್ನೂ ನಂಬಬೇಡಿ, ಅದು ಬರೆದವರ ಕಾಲಿನ ಅಳತೆ. ಸ್ವಿಸ್ ಆಲ್ಪೈನ್ ಕ್ಲಬ್‌ನ ಟಿ1ರಿಂದ ಟಿ6ರವರೆಗಿನ ಕಷ್ಟದ ಶ್ರೇಣಿ ಕೊಟ್ಟಿದ್ದರೆ ಅದನ್ನು ನೋಡಿ. ಟಿ2, ಟಿ3 ಅಂದರೆ ಬಿಳಿ-ಕೆಂಪು-ಬಿಳಿ ಗುರುತಿನ ಪರ್ವತದಾರಿ. ಟಿ4ರಿಂದ ಬಿಳಿ-ನೀಲಿ-ಬಿಳಿ, ಅದು ಮೊದಲ ಸಲಕ್ಕೆ ಖಂಡಿತ ಬೇಡ. ಕಂಬದ ಹಳದಿ ಫಲಕದಲ್ಲಿ ಕಿಲೋಮೀಟರ್ ಇರುವುದಿಲ್ಲ, ನಡೆಯುವವರಿಗೆ ಹಿಡಿಯುವ ಹೊತ್ತು ಇರುತ್ತದೆ, ಅದೂ ವಿಶ್ರಾಂತಿ ಸೇರಿಸದೆ. ಮೊದಲ ದಿನ ಒಂದು ಸುಲಭ ದಾರಿಯಲ್ಲಿ ಓಡಿ, ಪುಸ್ತಕ ಹೇಳುವ ಹೊತ್ತಿಗೂ ನಿಮ್ಮ ಹೊತ್ತಿಗೂ ಎಷ್ಟು ಅಂತರ ಅಂತ ನೋಡಿಕೊಳ್ಳಿ. ಆಮೇಲೆ ಆ ಪುಸ್ತಕದ ಎಲ್ಲ ದಾರಿಗೂ ಅದೇ ಲೆಕ್ಕ ಹಾಕಬಹುದು.

ನಿಮ್ಮ 18 ಕಿ.ಮೀ. ವಿಷಯ. ಟ್ರೇಲ್ ಓಟಗಾರರು 100 ಮೀಟರ್ ಏರನ್ನು 1 ಕಿ.ಮೀ. ಸಪಾಟು ಓಟಕ್ಕೆ ಸಮ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಿಮ್ಮದು 33. ಇಳಿತದಲ್ಲಿ ತೊಡೆ ನಡುಗುವುದು, ಕಲ್ಲು ನೋಡಿ ಹೆಜ್ಜೆ ಇಡುವುದು ಇದರಲ್ಲಿ ಸೇರಿಲ್ಲ. 3,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ನೂರಕ್ಕೆ 70 ಭಾಗ ಅಷ್ಟೇ, ಅದೂ ಸೇರಿಲ್ಲ. ಹಾಫ್ ಮ್ಯಾರಥಾನ್ ಟೈಮನ್ನು ಮರೆತುಬಿಡಿ.

ಬ್ಯಾಗಿನ ಬಗ್ಗೆ ಒಂದೇ ಮಾತು. ಟೋಪಿ ಇರುವ ವಾಟರ್‌ಪ್ರೂಫ್ ಜಾಕೆಟ್, ಥರ್ಮಲ್ ಹೊದಿಕೆ, ಸೀಟಿ, ಹೆಡ್‌ಲ್ಯಾಂಪ್. ಬಿಸಿಲಿದ್ದರೂ ಸರಿ. 2021ರ ಮೇನಲ್ಲಿ ಚೀನಾದ ಗಾನ್ಸುವಿನಲ್ಲಿ 100 ಕಿ.ಮೀ. ಪರ್ವತ ಓಟದ ನಡುವೆ ಹವೆ ಕೆಟ್ಟು 21 ಓಟಗಾರರು ತೀರಿಕೊಂಡರು. ತೆಳು ಬಟ್ಟೆಯಲ್ಲಿದ್ದವರು ಚಳಿಗೆ ಸಿಕ್ಕಿಹಾಕಿಕೊಂಡರು. ಅವರಲ್ಲಿ ನಮ್ಮಿಬ್ಬರಿಗಿಂತ ಎಷ್ಟೋ ಪಾಲು ಗಟ್ಟಿ ಓಟಗಾರರಿದ್ದರು.

ಜೂನ್ ಕೊನೆಗೇ ಹೋಗುವುದಾದರೆ 2,500 ಮೀಟರ್ ದಾಟುವ, ಉತ್ತರಕ್ಕೆ ಮುಖಮಾಡಿದ ಪಾಸ್ ಇರುವ ದಾರಿಯನ್ನು ಸದ್ಯಕ್ಕೆ ಬಿಡಿ. ಅದೇ ಬೇಕು ಅಂತ ಹಟ ಇದ್ದರೆ ಹಿಂದಿನ ದಿನ ಹತ್ತಿರದ ಹಟ್‌ಗೆ ಫೋನ್ ಮಾಡಿ. 'ಹಿಮ ಇದೆಯಾ' ಅಂತ ಕೇಳಿದರೆ 'ಸ್ವಲ್ಪ ಇದೆ' ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಿನ್ನೆ ಆ ಕಡೆಯಿಂದ ಯಾರಾದರೂ ಬಂದರಾ, ಕಾಲಿಗೆ ಏನು ಹಾಕಿದ್ದರು ಅಂತ ಕೇಳಿ.