ಸಂಪಾದಕರ ಉತ್ತರ: ಒಂದೇ ಹೆಸರಿನ ಇಬ್ಬರು ಕ್ಲೀವ್‌ಗಳು

ಓದುಗರ ಪತ್ರ: ಕಳೆದ ಸಂಚಿಕೆಯ ಅನುವಾದಿತ ಕಥೆಯಲ್ಲಿ ಒಂದು ಚರ್ಚ್ ಮದುವೆ ಬರುತ್ತದೆ. ಪಾದ್ರಿಗಳು ಬೈಬಲ್ ಓದುತ್ತಾರೆ: ‘ಗಂಡಸು ತಂದೆತಾಯಿಯನ್ನು ಬಿಟ್ಟು ತನ್ನ ಹೆಂಡತಿಯನ್ನು ಸೀಳುವನು, ಅವರಿಬ್ಬರೂ ಒಂದೇ ಶರೀರವಾಗುವರು.’ ಓದಿ ಬೆಚ್ಚಿಬಿದ್ದೆ. ಮೂಲದಲ್ಲಿ ‘ಕ್ಲೀವ್’ ಎಂಬ ಪದ ಇದ್ದಿರಬೇಕು ಅಂದುಕೊಂಡು ನಿಘಂಟು ತೆಗೆದೆ. ಮೊದಲ ಅರ್ಥ ಸೀಳು. ಅದರ ಕೆಳಗೇ ಇನ್ನೊಂದು, ಅಂಟಿಕೊಳ್ಳು. ಒಂದೇ ಪದಕ್ಕೆ ಹೀಗೆ ಎದುರುಬದುರು ಅರ್ಥ ಬರುವುದು ಹೇಗೆ? ಬೆಳ್ಳುಳ್ಳಿಯ ಎಸಳಿಗೂ ಲವಂಗಕ್ಕೂ ‘ಕ್ಲೋವ್’ ಅನ್ನುತ್ತಾರಲ್ಲ, ಅದೂ ಇದರದೇ ಸಂಬಂಧವೇ? ನಮ್ಮ ಕನ್ನಡದಲ್ಲಿ ಇಂಥ ಎಡವಟ್ಟು ಇಲ್ಲ, ಪುಣ್ಯ. (ನಿವೃತ್ತ ಮೇಷ್ಟ್ರು, ಮಲೆನಾಡು)

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಅನುವಾದ ಮಾಡಿದವರು ಒಬ್ಬರು, ಕರಡು ತಿದ್ದಿದವರು ಇಬ್ಬರು, ಕೊನೆಗೆ ನೋಡಿ ಸಹಿ ಹಾಕಿದವನು ನಾನು. ನಾಲ್ಕು ಜನರ ಎಂಟು ಕಣ್ಣು ತಪ್ಪಿಸಿಕೊಂಡು ಆ ‘ಸೀಳುವನು’ ಅಚ್ಚಾಗಿಬಿಟ್ಟಿತು. ಮುಂದಿನ ವಾಕ್ಯದಲ್ಲೇ ‘ಒಂದೇ ಶರೀರವಾಗುವರು’ ಅಂತ ಇದೆ. ಸೀಳಿದ ಮೇಲೆ ಒಂದಾಗುವುದು ಹೇಗೆ ಅಂತ ಯಾರಿಗೂ ಹೊಳೆಯಲಿಲ್ಲ. ನೀವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ ಪುಟ ನನ್ನ ಮೇಜಿನ ಮೇಲಿದೆ. ಮತ್ತೆ ಏಳನೇ ಕ್ಲಾಸಿಗೆ ಹೋದ ಹಾಗಾಯಿತು.

ಈಗ ನಿಮ್ಮ ಪ್ರಶ್ನೆ. ಒಂದು ಪದಕ್ಕೆ ಎರಡು ಅರ್ಥ ಬಂದದ್ದಲ್ಲ ಇದು. ಎರಡು ಬೇರೆ ಬೇರೆ ಪದಗಳು ಬರುಬರುತ್ತಾ ಒಂದೇ ಮುಖ ಹೊತ್ತುಕೊಂಡವು, ಅಷ್ಟೇ. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರಿರುತ್ತಾರಲ್ಲ, ಹಾಗೆ. ನೆಂಟಸ್ತಿಕೆ ಏನೂ ಇಲ್ಲ. ಆದರೆ ಅಂಚೆಯಣ್ಣನ ಕೈಯಲ್ಲಿ ಒಬ್ಬನ ಪತ್ರ ಇನ್ನೊಬ್ಬನ ಮನೆ ಸೇರುತ್ತದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಸೀಳುವುದಕ್ಕೆ ‘ಕ್ಲೇಯೊಫಾನ್’ ಅನ್ನುತ್ತಿದ್ದರು. ಅಂಟಿಕೊಳ್ಳುವುದಕ್ಕೆ ‘ಕ್ಲಿಫಿಯಾನ್’. ಎಫ್ ಅಂತ ಬರೆದರೂ ಎರಡರಲ್ಲೂ ನಡುವೆ ವ ಸದ್ದೇ ಕೇಳುತ್ತಿತ್ತು. ಮುಂದೆ ಪದದ ಬಾಲಗಳು ಸವೆದವು. ಸ್ವರಗಳು ಜರುಗಿದವು. ಮಧ್ಯಕಾಲದ ಇಂಗ್ಲಿಷ್‌ಗೆ ಬರುವಷ್ಟರಲ್ಲಿ ಇಬ್ಬರೂ ‘ಕ್ಲೇವೆನ್’ ಆಗಿಬಿಟ್ಟಿದ್ದರು. ಆಮೇಲೆ ಇಂಗ್ಲಿಷ್‌ನ ಉದ್ದ ಸ್ವರಗಳೆಲ್ಲ ಒಟ್ಟಿಗೆ ಸ್ಥಾನ ಬದಲಿಸಿದಾಗ ಇಬ್ಬರೂ ಜೊತೆಯಾಗಿ ‘ಕ್ಲೀವ್’ ಆದರು.

ಪಕ್ಕದ ಭಾಷೆಗಳಲ್ಲಿ ಈ ಅವಘಡ ಆಗಲಿಲ್ಲ. ಜರ್ಮನ್‌ನಲ್ಲಿ ಇಂದಿಗೂ ಅಂಟುವುದು ‘ಕ್ಲೇಬೆನ್’, ಸೀಳುವುದು ‘ಕ್ಲೀಬೆನ್’. ಎರಡನೆಯದು ಈಗ ಕೆಲವು ಪ್ರಾಂತಗಳ ಮಾತಿನಲ್ಲಷ್ಟೇ ಉಳಿದಿದೆ. ಡಚ್ಚರಿಗೂ ಎರಡು ಬೇರೆ ಬೇರೆ. ಒಂದು ಸ್ವರದ ವ್ಯತ್ಯಾಸ ಉಳಿಸಿಕೊಂಡರು, ಬಚಾವಾದರು.

ಗೊಂದಲ ಎಷ್ಟಿತ್ತು ಅಂತ ನೋಡಬೇಕಾದರೆ 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆಯಬೇಕು. ಆದಿಕಾಂಡದಲ್ಲಿ ಅಬ್ರಹಾಮ ಬಲಿಗೆ ಸೌದೆ ಸೀಳುತ್ತಾನೆ. ಅಲ್ಲಿ ಬಳಸಿದ ಭೂತಕಾಲದ ರೂಪ ‘ಕ್ಲೇವ್’. ಮುಂದೆ ರೂತಳ ಕಥೆ ಬರುತ್ತದೆ. ಗಂಡ ಸತ್ತ ಮೇಲೆ ಅತ್ತೆಯನ್ನು ಬಿಟ್ಟುಹೋಗಲು ಒಪ್ಪದ ಸೊಸೆ ಅವಳು. ಓರಗಿತ್ತಿ ಅತ್ತೆಗೆ ಮುತ್ತಿಟ್ಟು ತವರಿಗೆ ಹೊರಡುತ್ತಾಳೆ, ರೂತ್ ಮಾತ್ರ ಅತ್ತೆಯನ್ನು ಬಿಡದೆ ಅಂಟಿಕೊಳ್ಳುತ್ತಾಳೆ. ಅಲ್ಲೂ ಅದೇ ‘ಕ್ಲೇವ್’! ಸೌದೆಗೂ ಅತ್ತೆಗೂ ಒಂದೇ ಕ್ರಿಯಾಪದ. ನಮ್ಮ ಅನುವಾದಕರ ಕೈಗೆ ಆ ಪುಟ ಸಿಕ್ಕಿದ್ದರೆ ಪಾಪ ಅತ್ತೆಯ ಗತಿ ಏನಾಗುತ್ತಿತ್ತೋ.

ನಮ್ಮ ಕಥೆಯ ಪಾದ್ರಿಗಳು ಓದಿದ್ದು ಆದಿಕಾಂಡದ 2ನೇ ಅಧ್ಯಾಯದ 24ನೇ ವಾಕ್ಯ. ಮೂಲ ಹೀಬ್ರೂನಲ್ಲಿ ಅಲ್ಲಿರುವ ಪದ ‘ದಾಬಕ್’. ಅಂಟಿಕೊಳ್ಳು ಅಂತಲೇ ಅರ್ಥ. ಇಂದಿನ ಹೀಬ್ರೂನಲ್ಲಿ ಅಂಗಡಿಗೆ ಹೋಗಿ ಗೋಂದು ಕೇಳಬೇಕಾದರೆ ‘ದೆವೆಕ್’ ಅನ್ನಬೇಕು, ಅದೇ ಧಾತು. ಗಂಡ ಹೆಂಡತಿಗೆ ಗೋಂದು ಹಾಕಿದ ಹಾಗೆ ಅಂಟಿಕೊಳ್ಳಬೇಕು ಅನ್ನುವುದು ಅಲ್ಲಿನ ಮಾತು. ನಾವು ಕೊಡಲಿ ಹಿಡಿಸಿದೆವು.

ಸೀಳುವ ಕ್ಲೀವ್ ಬಗ್ಗೆ ಸ್ವಲ್ಪ ಹೇಳಬೇಕು. ಅದು ಬರೀ ಕತ್ತರಿಸುವುದಲ್ಲ. ಕತ್ತರಿಸುವುದಕ್ಕೆ ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಪದಗಳಿವೆ. ಕ್ಲೀವ್ ಅಂದರೆ ವಸ್ತುವಿನ ಒಳಗೆ ಮೊದಲೇ ಇರುವ ಗೆರೆ ಹಿಡಿದು ಎರಡು ಮಾಡುವುದು. ಮಲೆನಾಡಿನವರಾದ ನಿಮಗೆ ನಾನು ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ಮರದ ದಬ್ಬೆ ಮಾಡುವಾಗ ಅಡ್ಡಕ್ಕೆ ಕಡಿಯುವುದು ಬೇರೆ, ಉದ್ದಕ್ಕೆ ಸೀಳುವುದು ಬೇರೆ ಅಲ್ವಾ? ತುದಿಯಲ್ಲೊಂದು ಏಟು ಸರಿಯಾಗಿ ಬಿದ್ದರೆ ನಾರಿನ ದಾರಿಯಲ್ಲೇ ಬುಡದ ತನಕ ಬಿಟ್ಟುಕೊಳ್ಳುತ್ತಾ ಹೋಗುತ್ತದೆ. ಆ ಕೆಲಸ ಕ್ಲೀವ್.

ವಜ್ರದ ಕೆಲಸದವರಲ್ಲಿ ಈ ಪದ ಇನ್ನೂ ಜೀವಂತವಾಗಿದೆ. ವಜ್ರ ಎಷ್ಟೇ ಗಟ್ಟಿ ಅಂದರೂ ಅದರ ಹರಳಿನೊಳಗೆ ಕೆಲವು ದಿಕ್ಕುಗಳಲ್ಲಿ ಹಿಡಿತ ಕಡಿಮೆ. ಆ ದಿಕ್ಕು ಗೊತ್ತಿದ್ದವನು ಒಂದೇ ಏಟಿಗೆ ಎರಡು ಹೋಳು ಮಾಡುತ್ತಾನೆ. ಗೊತ್ತಿಲ್ಲದವನು ಹೊಡೆದರೆ ಪುಡಿ. 1905ರಲ್ಲಿ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಕಲಿನನ್ ಎಂಬ ವಜ್ರ ಸಿಕ್ಕಿತು. 3,106 ಕ್ಯಾರೆಟ್, ಅಂದರೆ 620 ಗ್ರಾಮಿಗೂ ಜಾಸ್ತಿ. ಅದನ್ನು ಬ್ರಿಟನ್ನಿನ ದೊರೆ 7ನೇ ಎಡ್ವರ್ಡನಿಗೆ ಕಾಣಿಕೆ ಕೊಟ್ಟರು. ಸೀಳುವ ಕೆಲಸ ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಷರ್ ಪಾಲಿಗೆ ಬಂತು. ವಜ್ರಕ್ಕೆ ಮೊದಲು ಒಂದು ಸಣ್ಣ ಕಚ್ಚು ಮಾಡಿಕೊಂಡರು. 1908ರ ಫೆಬ್ರವರಿಯಲ್ಲಿ ಆ ಕಚ್ಚಿಗೆ ಉಕ್ಕಿನ ಅಲಗು ಇಟ್ಟು ಹೊಡೆದರು. ವಜ್ರಕ್ಕೆ ಏನೂ ಆಗಲಿಲ್ಲ, ಅಲಗೇ ಮುರಿಯಿತು. ಮತ್ತೊಂದು ಅಲಗು ತಂದು ಹೊಡೆದಾಗ ಅಂದುಕೊಂಡಲ್ಲೇ ಸೀಳಿತು. ಆಗ ಆಷರ್ ಮೂರ್ಛೆ ಹೋದರು ಅಂತ ಒಂದು ಕಥೆ ಇದೆ. ಅವರ ಮನೆತನದವರು ಅದನ್ನು ಒಪ್ಪಲಿಲ್ಲ. ನನಗಂತೂ ಮೂರ್ಛೆ ಹೋಗಿದ್ದರೆ ತಪ್ಪೇನೂ ಕಾಣುವುದಿಲ್ಲ. ಕೊನೆಗೆ 9 ದೊಡ್ಡ ಹರಳು, 96 ಚಿಕ್ಕವು ಆದವು. ಎಲ್ಲಕ್ಕಿಂತ ದೊಡ್ಡದು 530 ಕ್ಯಾರೆಟ್ಟಿನದು. ಬ್ರಿಟಿಷ್ ದೊರೆಯ ರಾಜದಂಡದ ಮೇಲಿದೆ.

ಹಾಳೆ ಹಾಳೆಯಾಗಿ ಏಳುವ ಕಾಗೆಬಂಗಾರದ ಗುಣಕ್ಕೂ ಭೂವಿಜ್ಞಾನದವರು ಇದೇ ಪದದಿಂದ ಹುಟ್ಟಿದ ‘ಕ್ಲೀವೇಜ್’ ಅನ್ನುತ್ತಾರೆ. ಹುಡುಗರು ನಗಬಾರದು. ಆ ಪದದ ಇನ್ನೊಂದು ಬಳಕೆ ತೀರ ಈಚಿನದು, 1940ರ ದಶಕದ ಹಾಲಿವುಡ್ ಕಾಲದ್ದು. ಕಲ್ಲಿನ ಕ್ಲೀವೇಜ್ ಅದಕ್ಕಿಂತ ಎಷ್ಟೋ ಹಳೆಯದು. ಜೀವವಿಜ್ಞಾನದಲ್ಲೂ ಪದ ಇದೆ. ಗರ್ಭ ಕಟ್ಟಿದ ಮೇಲೆ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳುತ್ತಾ ಹೋಗುತ್ತದಲ್ಲ, ಅದೂ ಕ್ಲೀವೇಜೇ. ಸೀಳಿದ ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇಬ್ಬರು ಮಂಜುನಾಥರೂ ಒಂದೇ ಮನೆಯಲ್ಲಿ ಸಿಗುವುದು ಇಲ್ಲೊಂದೇ ಕಡೆ ಅನ್ನಿಸುತ್ತದೆ.

ಸೀಳುವ ಮಂಜುನಾಥನ ಸಂಸಾರ ದೊಡ್ಡದು. ಮಾಂಸದಂಗಡಿಯ ಅಗಲ ಕತ್ತಿ ‘ಕ್ಲೀವರ್’. ಸೀಳುತುಟಿಗೆ ‘ಕ್ಲೆಫ್ಟ್’. ಹಸು, ಮೇಕೆಯ ಸೀಳುಗೊರಸಿಗೆ ‘ಕ್ಲೋವನ್’. ಬೆಳ್ಳುಳ್ಳಿಯ ‘ಕ್ಲೋವ್’ ಕೂಡ ಇವನ ಮನೆಯವನೇ, ಗಡ್ಡೆಯಿಂದ ಸೀಳಿಕೊಂಡ ಪಾಲು ಅಂತ. ನಾವು ಅದನ್ನು ಹೂವಿನ ದಳದ ಹಾಗೆ ನೋಡಿ ಎಸಳು ಅಂದೆವು. ಲವಂಗದ ಕ್ಲೋವ್‌ಗೆ ಮಾತ್ರ ಇವರ ಮನೆಯ ಸೂತಕವೂ ಇಲ್ಲ. ಅದು ಲ್ಯಾಟಿನ್ನಿನ ‘ಕ್ಲಾವುಸ್’, ಅಂದರೆ ಮೊಳೆ. ಫ್ರೆಂಚರಲ್ಲಿ ‘ಕ್ಲೂ’ ಆಗಿ ಅಲ್ಲಿಂದ ಇಂಗ್ಲಿಷ್‌ಗೆ ಬಂತು. ಒಂದು ಲವಂಗ ಕೈಯಲ್ಲಿ ಹಿಡಿದು ನೋಡಿ, ತಲೆ ಇರುವ ಪುಟ್ಟ ಮೊಳೆಯೇ. ಹಾಗಾಗಿ ಒಂದು ಬಿರಿಯಾನಿಯ ಪಾತ್ರೆಯಲ್ಲಿ ಎರಡು ಕ್ಲೋವ್, ಸಂಬಂಧವೇ ಇಲ್ಲದವರು.

ದೂರದ ನೆಂಟರೂ ಇದ್ದಾರೆ. ಗ್ರೀಕ್‌ನಲ್ಲಿ ಕೆತ್ತುವುದಕ್ಕೆ ‘ಗ್ಲೂಫೈನ್’ ಅನ್ನುತ್ತಿದ್ದರು. ಈಜಿಪ್ಟಿನ ಚಿತ್ರಲಿಪಿಯ ಹೆಸರು ‘ಹೈರೊಗ್ಲಿಫ್’ ಬಂದದ್ದು ಅದರಿಂದ. ಇದೂ ಸೀಳುವ ಕ್ಲೀವ್‌ನ ಬೇರಿನದೇ.

ಅಂಟುವವನ ಕಡೆ ‘ಕ್ಲೇ’, ಅಂದರೆ ಜೇಡಿಮಣ್ಣು. ‘ಗ್ಲೂ’, ಅಂದರೆ ಗೋಂದು. ಇಂದು ಡಾಕ್ಟರು ಬೇಡ ಅನ್ನುವ ಗೋಧಿಯ ‘ಗ್ಲುಟೆನ್’ ಕೂಡ. ಇನ್ನೊಂದು ಪದ ನನಗೆ ತುಂಬಾ ಇಷ್ಟ: ‘ಕ್ಲೈಂಬ್’. ಮರ ಏರುವುದು. ಅಂಟಿಕೊಂಡು, ತಬ್ಬಿ ಹಿಡಿದು ಮೇಲೆ ಹೋಗುವುದು ಅದರ ಹಳೆಯ ಅರ್ಥ. ಇದನ್ನೂ ಪದಮೂಲ ಹುಡುಕುವವರು ಇದೇ ಬಳಗಕ್ಕೆ ಸೇರಿಸುತ್ತಾರೆ.

ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ, ಮೇಷ್ಟ್ರೇ. ಕನ್ನಡದಲ್ಲಿ ನಾವೂ ಮರ ‘ಹತ್ತು’ತ್ತೇವೆ. ಕೈಗೆ ಅಂಟು ಹತ್ತುತ್ತದೆ. ಹುಲ್ಲಿಗೆ ಬೆಂಕಿ ಹತ್ತುತ್ತದೆ. ಹಳಗನ್ನಡದ ‘ಪತ್ತು’ ಅದು. ಹಿಡಿದುಕೊಳ್ಳುವುದೂ ಏರುವುದೂ ನಮಗೂ ಒಂದೇ ಪದ. ಅಲ್ಲಿಂದ ಮುಂದೆ ನಿಮ್ಮ ಕೊನೆಯ ಮಾತು ನೆನಪಾಯಿತು. ‘ಕನ್ನಡದಲ್ಲಿ ಇಂಥ ಎಡವಟ್ಟು ಇಲ್ಲ.’

ಇದೆ, ಮೇಷ್ಟ್ರೇ. ನಿಮ್ಮ ಅಡುಗೆಮನೆಯಲ್ಲೇ ಇದೆ.

ಹತ್ತುವಂತೆ ಮಾಡುವುದು ಹಚ್ಚುವುದು. ದೀಪ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ. ಧಾರವಾಡದ ಕಡೆ ಮಗುವನ್ನು ಸಾಲಿಗೆ ಹಚ್ಚುತ್ತಾರೆ, ಫೋನನ್ನೂ ಹಚ್ಚುತ್ತಾರೆ. ಎಲ್ಲ ಅಂಟಿಸುವ, ತಾಗಿಸುವ ಕೆಲಸ. ಸರಿ. ಈರುಳ್ಳಿಯನ್ನು ಏನು ಮಾಡುತ್ತೇವೆ? ನಿಮ್ಮ ಮನೆಯಲ್ಲಿ ಹೆಚ್ಚುತ್ತಾರೋ ಏನೋ, ನಮ್ಮ ಮನೆಯಲ್ಲಿ ಹಚ್ಚುತ್ತಾರೆ. ನಮ್ಮ ಪತ್ರಿಕೆಯ ಅಡುಗೆ ಪುಟಕ್ಕೆ ಬರುವ ಬರಹಗಳಲ್ಲೂ ಅರ್ಧಕ್ಕರ್ಧ ಜನ ‘ಸಣ್ಣಗೆ ಹಚ್ಚಿದ ಈರುಳ್ಳಿ’ ಅಂತಲೇ ಬರೆಯುತ್ತಾರೆ. ಹಳಗನ್ನಡದಲ್ಲಿ ‘ಪಚ್ಚು’ ಅಂದರೆ ಪಾಲು ಮಾಡು ಅಂತಲೂ ಇದೆ, ಇಂದಿನ ‘ಹಂಚು’ ಅದೇ ಬಳಗದ್ದು. ಅಂಟಿಸುವುದೂ ಹಚ್ಚು, ತುಂಡು ಮಾಡುವುದೂ ಹಚ್ಚು. ನಮ್ಮಲ್ಲೂ ಇಬ್ಬರು ಮಂಜುನಾಥರು! ಹೆಚ್ಚುವವರ ಮನೆಯವರೂ ಬೀಗಬೇಕಿಲ್ಲ. ಬೆಲೆ ಹೆಚ್ಚುವುದೂ ಬೀನ್ಸ್ ಹೆಚ್ಚುವುದೂ ಒಂದೇ ಬಾಯಲ್ಲಿ ಬರುತ್ತದೆ.

ಆದರೂ ನಮಗೆ ಗೊಂದಲ ಆಗುವುದಿಲ್ಲ. ಯಾಕೆ? ‘ಗೋಡೆಗೆ ಹಚ್ಚು’ ಅಂದರೆ ಯಾರೂ ಚಾಕು ತರುವುದಿಲ್ಲ. ಆ ‘ಗೆ’ ದಾರಿ ತೋರಿಸುತ್ತದೆ. ಇಂಗ್ಲಿಷ್‌ನಲ್ಲೂ ಹಾಗೇ. ಸೌದೆಯನ್ನು ಸುಮ್ಮನೆ ಕ್ಲೀವ್ ಮಾಡುತ್ತಾರೆ, ಹೆಂಡತಿಗೆ ಆದರೆ ‘ಕ್ಲೀವ್ ಅಂಟು’ ಅನ್ನಬೇಕು. ತಮಾಷೆ ನೋಡಿ, ಆ ಹಳೆಯ ಇಂಗ್ಲಿಷ್ ‘ಅಂಟು’ ನಮ್ಮ ‘ಗೆ’ ಮಾಡುವ ಕೆಲಸವನ್ನೇ ಮಾಡುತ್ತದೆ, ಸದ್ದು ಮಾತ್ರ ನಮ್ಮ ಅಂಟಿನದು. ಬರೀ ಕಾಕತಾಳೀಯ, ಇದರ ಮೇಲೆ ಯಾರೂ ಸಂಶೋಧನೆ ಶುರುಮಾಡಬೇಡಿ. ಕೀರ್ತನೆ 137ರಲ್ಲಿ ಜೆರುಸಲೇಮನ್ನು ಮರೆತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಹೋಗಲಿ ಅಂತ ಒಬ್ಬ ಆಣೆ ಹಾಕುತ್ತಾನೆ. ಅಲ್ಲಿ ‘ಕ್ಲೀವ್ ಟು’. ಈ ಟು, ಅಂಟು ಮನೆಯ ಮುಂದಿನ ನಾಮಫಲಕದ ಹಾಗೆ. ನಮ್ಮ ಅನುವಾದಕರು ಹೆಸರು ಓದಿದರು, ಫಲಕ ನೋಡಲಿಲ್ಲ.

ಇಷ್ಟು ತೊಂದರೆ ಕೊಡುವ ಪದವನ್ನು ಇಂಗ್ಲಿಷರೂ ದಿನದ ಮಾತಿನಲ್ಲಿ ಹೆಚ್ಚುಕಮ್ಮಿ ಕೈಬಿಟ್ಟಿದ್ದಾರೆ. ಸೀಳುವುದಕ್ಕೆ ಈಗ ‘ಸ್ಪ್ಲಿಟ್’. ಅದು 16ನೇ ಶತಮಾನದಲ್ಲಿ ಡಚ್ಚರಿಂದ ಬಂದದ್ದು, ಬಂಡೆಗೆ ಬಡಿದು ಸೀಳುವ ಹಡಗಿನ ಮಾತು. ಅಂಟುವುದಕ್ಕೆ ‘ಸ್ಟಿಕ್’. ಕ್ಲೀವ್ ಉಳಿದಿರುವುದು ಬೈಬಲ್ಲಿನಲ್ಲಿ, ವಜ್ರದಂಗಡಿಯಲ್ಲಿ, ಅನುವಾದಕರನ್ನು ಬೀಳಿಸುವ ಹಳೆಯ ಕಥೆಗಳಲ್ಲಿ.

ಈಗ ತಿದ್ದುಪಡಿಯ ವಿಷಯ. ನಿಮ್ಮ ಪತ್ರ ಬಂದ ದಿನವೇ ಅನುವಾದಕರಿಗೆ ತಿಳಿಸಿದೆ. ತುಂಬಾ ನೊಂದುಕೊಂಡರು. ಮರುದಿನ ಹೊಸ ವಾಕ್ಯ ಕಳಿಸಿದರು: ‘ತಂದೆತಾಯಿಯನ್ನು ಬಿಟ್ಟು ತನ್ನ ಹೆಂಡತಿಯನ್ನು ಹಚ್ಚಿಕೊಳ್ಳುವನು.’ ನನಗೆ ಬಹಳ ಹಿಡಿಸಿತು. ಮಗು ಅಜ್ಜಿಯನ್ನು ಹಚ್ಚಿಕೊಳ್ಳುತ್ತದಲ್ಲ, ಆ ಹಚ್ಚಿಕೊಳ್ಳುವುದು. ಹೀಬ್ರೂವಿನ ಗೋಂದೂ ಇದೆ, ಕನ್ನಡದ ಬಿಸುಪೂ ಇದೆ. ಇದನ್ನೇ ಹಾಕಿ ಅಂದೆ.

ಸಂಜೆ ಕರಡು ವಾಪಸ್ ಬಂತು. ನಮ್ಮ ಅಡುಗೆ ಪುಟ ನೋಡಿಕೊಳ್ಳುವವರು ತಿದ್ದಿದ್ದರು. ಅವರ ಪುಟದಲ್ಲಿ ಪ್ರತಿ ತಿಂಗಳೂ ‘ಮೊದಲು ಈರುಳ್ಳಿಯನ್ನು ಸಣ್ಣಗೆ ಹಚ್ಚಿಕೊಳ್ಳಿ’ ಅಂತ ಇರುತ್ತದೆ. ‘ಹೆಂಡತಿಯನ್ನು ಹಚ್ಚಿಕೊಳ್ಳುವನು’ ಅನ್ನುವುದರ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಬರೆದಿದ್ದರು: ‘ಎಷ್ಟು ಸಣ್ಣಗೆ?’

ಆದ್ದರಿಂದ ಕಳೆದ ಸಂಚಿಕೆಯ ಆ ಸಾಲನ್ನು ‘ಹೆಂಡತಿಯನ್ನು ಸೇರಿಕೊಳ್ಳುವನು’ ಎಂದು ಓದಿಕೊಳ್ಳಬೇಕಾಗಿ ವಿನಂತಿ.