ತಾರ್ಷೀಷಿನ ಹಡಗು ಹೊರಟಿದ್ದು ಎಲ್ಲಿಗೆ?

ಮಾನ್ಯರೇ,

ಯೆಹೂದದ ಅರಸ ಯೆಹೋಷಾಫಾಟನು ಚಿನ್ನ ತರಲು ಓಫೀರ್ ಎಂಬ ನಾಡಿಗೆ ಕಳುಹಿಸಬೇಕೆಂದು ‘ತಾರ್ಷೀಷಿನ ಹಡಗು’ಗಳನ್ನು ಕಟ್ಟಿಸಿದನೆಂದು ಅರಸುಗಳ ಮೊದಲನೆಯ ಪುಸ್ತಕ (22:48) ಹೇಳುತ್ತದೆ. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ (20:36) ಅವೇ ಹಡಗುಗಳು ತಾರ್ಷೀಷಿಗೆ ಹೋಗಬೇಕಿತ್ತು ಎನ್ನುತ್ತದೆ. ಇವೆರಡರಲ್ಲಿ ಯಾವುದು ಸರಿ, ಮೂಲ ಹೀಬ್ರೂ ಪದದಿಂದ ಏನಾದರೂ ತಿಳಿದೀತೇ ಎಂದು ಕೇಳಿದ್ದೀರಿ. ಇಂಥ ಪತ್ರ ಬಂದ ದಿನ ನನಗೆ ಹಬ್ಬ.

ಹೀಬ್ರೂ ಬೈಬಲಿನಲ್ಲಿ ಹಡಗಿಗೆ ಹೆಚ್ಚಾಗಿ ಬರುವ ಪದ ‘ಒನಿಯ್ಯಾ’. ಹಡಗುಗಳ ಸಮೂಹಕ್ಕೆ ‘ಒನಿ’. ಈ ಪದವೊಂದರಿಂದಲೇ ಹಡಗಿನ ಗಾತ್ರವಾಗಲಿ ದಾರಿಯಾಗಲಿ ತಿಳಿಯುವುದಿಲ್ಲ. ಯೋಬನ ಗ್ರಂಥದಲ್ಲಿ (9:26) ಜೊಂಡಿನ ದೋಣಿಗಳಿಗೂ ಇದೇ ಪದ. ಪ್ರವಾದಿ ಯೋನನು ಯೊಪ್ಪ ಬಂದರಿನಲ್ಲಿ ಹತ್ತಿದ್ದೂ ಒನಿಯ್ಯಾವನ್ನೇ. ಬಿರುಗಾಳಿ ಎದ್ದಾಗ ಆ ಹಡಗು ‘ಒಡೆದುಹೋಗಲು ಯೋಚಿಸಿತು’ ಎಂದು ಮೂಲದಲ್ಲಿದೆ, ಹಡಗಿಗೂ ಮನಸ್ಸಿದ್ದಂತೆ! ಮರುವಚನದಲ್ಲಿ ಯೋನ ಒಳಭಾಗಕ್ಕಿಳಿದು ಮಲಗುವಾಗ ಪದ ‘ಸೆಫೀನಾ’ ಎಂದು ಬದಲಾಗುತ್ತದೆ. ಮುಚ್ಚು, ಹಲಗೆ ಹೊದಿಸು ಎಂಬ ಧಾತುವಿಗೆ ಸೇರಿದ ಈ ಪದ ಇಡೀ ಹೀಬ್ರೂ ಬೈಬಲಿನಲ್ಲಿ ಕಾಣುವುದು ಅಲ್ಲಿ ಮಾತ್ರ.

ಆದ್ದರಿಂದ ನಿಮ್ಮ ತೊಡಕು ಬಿಡಿಸಬೇಕಾದದ್ದು ‘ತಾರ್ಷೀಷ್’ ಎಂಬ ಮಾತು. ಯೆಹೋಷಾಫಾಟನ ಹಡಗುಗಳು ಸಿದ್ಧವಾದ ಎಚ್ಯೋನ್ಗೆಬೆರ್ ಇದ್ದದ್ದು ಕೆಂಪು ಸಮುದ್ರದ ಉತ್ತರದ ತುದಿಯಲ್ಲಿ, ಅಕಾಬಾ ಕೊಲ್ಲಿಯ ಕಡೆ. ತಾರ್ಷೀಷಿಗೆ ಹೊರಟ ಯೋನ ಹಡಗು ಹತ್ತಿದ್ದು ಮೆಡಿಟರೇನಿಯನ್ ದಡದಲ್ಲಿ. ಅನೇಕ ವಿದ್ವಾಂಸರು ತಾರ್ಷೀಷನ್ನು ದಕ್ಷಿಣ ಸ್ಪೇನಿನ ಟಾರ್ಟೆಸಸ್ ಎಂದು ಗುರುತಿಸುತ್ತಾರೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಿಲ್ಲದೆ ಎಚ್ಯೋನ್ಗೆಬೆರಿನಿಂದ ಅತ್ತ ಹೋಗಬೇಕಾದರೆ ಆಫ್ರಿಕವನ್ನೇ ಸುತ್ತಬೇಕು.

ನನ್ನ ಮಟ್ಟಿಗೆ ಅರಸುಗಳ ಪುಸ್ತಕದ ಮಾತೇ ಸರಿ. ಮಂಗಳೂರು ಹೆಂಚು ಎಲ್ಲಿ ತಯಾರಾದರೂ ಮಂಗಳೂರು ಹೆಂಚೇ ಅಲ್ಲವೇ? ಹಾಗೆಯೇ ತಾರ್ಷೀಷಿನಷ್ಟು ದೂರ ಹೋಗಬಲ್ಲ ಗಟ್ಟಿಮುಟ್ಟಾದ ಹಡಗಿಗೆ, ಅದು ಯಾವ ದಿಕ್ಕಿಗೆ ಹೊರಟರೂ, ಆ ಹೆಸರು ನಿಂತಿತು. ತಾರ್ಷೀಷ್ ಎಂದರೆ ಲೋಹ ಕರಗಿಸುವ ಜಾಗ, ಇವು ಲೋಹ ಸಾಗಿಸುವ ಹಡಗುಗಳು ಎಂದು ಅಮೆರಿಕದ ಬೈಬಲ್ ವಿದ್ವಾಂಸ ಆಲ್‌ಬ್ರೈಟ್ 1941ರಲ್ಲಿ ವಾದಿಸಿದ್ದರು. ಜಾಣ ವಾದ, ಆದರೆ ಯೋನನ ಪ್ರಯಾಣಕ್ಕೆ ಅದು ಹೊಂದುವುದಿಲ್ಲ.

ಪೂರ್ವಕಾಲವೃತ್ತಾಂತವನ್ನು ಬರೆದವನು ಯೆಹೂದ್ಯರು ಬಾಬೆಲಿನಲ್ಲಿ ಅನುಭವಿಸಿದ ಸೆರೆವಾಸದ ನಂತರದ ಕಾಲದವನು. ಹಡಗಿನ ಬಗೆಯನ್ನು ಹೇಳುವ ಹೆಸರನ್ನು ಅವನು ಊರಿನ ಹೆಸರಾಗಿಯೇ ಓದಿಕೊಂಡಂತಿದೆ. ಸೊಲೊಮೋನನ ವಿಷಯದಲ್ಲೂ ಹೀಗೇ ಆಗಿದೆ. ಚಿನ್ನ, ಬೆಳ್ಳಿ, ದಂತ, ಕೋತಿಗಳನ್ನು ಹೊತ್ತು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದದ್ದು ಅರಸುಗಳ ಪುಸ್ತಕದಲ್ಲಿ (10:22) ‘ತಾರ್ಷೀಷಿನ ಒನಿ’. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದಲ್ಲಿ (9:21) ಅವು ‘ತಾರ್ಷೀಷಿಗೆ ಹೋಗುವ ಹಡಗುಗಳು’. ಆ ಸರಕಿನ ಪಟ್ಟಿಯಲ್ಲಿರುವ ‘ತುಕ್ಕಿಯ್ಯೀಮ್’ ಎಂದರೆ ನವಿಲು, ಅದರ ಮೂಲ ತಮಿಳಿನ ‘ತೋಗೈ’ ಎಂಬ ಹಳೆಯ ಊಹೆಯೂ ಉಂಟು.

ಹೊಸ ಅನುವಾದದಲ್ಲಿ ‘ದೊಡ್ಡ ವ್ಯಾಪಾರಿ ಹಡಗು’ ಎಂದು ಹಾಕಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ತೂರ್ ಪಟ್ಟಣ ಹಾಳಾದಾಗ ಯೆಶಾಯನು (23:1) ‘ತಾರ್ಷೀಷಿನ ಹಡಗುಗಳೇ, ಗೋಳಾಡಿರಿ’ ಎಂದು ಹೆಸರು ಹಿಡಿದು ಕೂಗುತ್ತಾನೆ. ಆ ಹೆಸರನ್ನು ಕನ್ನಡದಲ್ಲೂ ಉಳಿಸಿ, ಅರ್ಥವನ್ನು ಪುಟದ ಅಡಿಯಲ್ಲಿ ಕೊಟ್ಟರೆ ಸಾಕು.

— ಸಂಪಾದಕ