ಆಡಿಸುವ ಗಾರ್ಡ್ ಇನ್ನು ಬೇಡವಾ?

"ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್‌ಗಳು (ಚೆಂಡು ಹಿಡಿದು ಆಟ ನಡೆಸುವವರು) ಸುಮ್ನೆ ದೂರದಿಂದ ಎಸೆಯುತ್ತಾರೆ, ಪಾಸ್ ಕೊಟ್ಟು ಆಡಿಸುವವರು ಬೇಡವಾದರಾ?" ಅಂತ ಕೇಳಿದ್ದೀರಿ. ಇಲ್ಲ, ಮೊದಲಿಗಿಂತ ಜಾಸ್ತಿನೇ ಬೇಕು.

2018ರ ವಿಲನೋವಾ ವಿಶ್ವವಿದ್ಯಾಲಯ ತಂಡದ ಆಟ ನೋಡಿ. ರಾಷ್ಟ್ರೀಯ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ ಕ್ಯಾನ್ಸಸ್ ಮೇಲೆ ಮೂರು ಪಾಯಿಂಟ್‌ನ (ದೂರದ ಗೆರೆಯಾಚೆಯಿಂದ ಹಾಕುವ) 18 ಹೊಡೆತ ಹಾಕಿ 95-79ರಿಂದ ಗೆದ್ದರು. ಎಲ್ಲರಿಗೂ ನೆನಪಿರುವುದು ಆ 18. ನೀವು ಮಾತ್ರ ಗಾರ್ಡ್ ಜೇಲನ್ ಬ್ರನ್ಸನ್ ಕಾಲುಗಳನ್ನು ಗಮನಿಸಿ. ಬುಟ್ಟಿಗೆ ಬೆನ್ನು ಹಾಕಿ, ಎದುರಾಳಿಯನ್ನು ಭುಜದಿಂದ ಒತ್ತುತ್ತಾ ಒಳಗೆ ಹೋಗುತ್ತಾನೆ. ತಡೆಯಲು ಇನ್ನೊಬ್ಬ ಬಂದ ಅಂದ್ರೆ ನಿಲ್ಲುತ್ತಾನೆ, ತಿರುಗುತ್ತಾನೆ, ಚೆಂಡು ಹೊರಗೆ. ಅಲ್ಲಿ ಆ ಗೆರೆಯಾಚೆ ಪಾಸ್‌ಗೆ ಕಾಯುವ ಜೊತೆಯವರಲ್ಲಿ ಎತ್ತರದ ಒಮಾರಿ ಸ್ಪೆಲ್‌ಮನ್ ಕೂಡ ಇರುತ್ತಾನೆ. ಹಿಂದೆ ಅಂಥವರು ಬುಟ್ಟಿಯ ಕೆಳಗೇ ಇರುತ್ತಿದ್ದರು. ಪೂರ್ತಿ ಉಲ್ಟಾ ಆಯ್ತು ಅಲ್ವಾ?

ಮೂರು ಪಾಯಿಂಟ್ ಗೆರೆಯೂ ಸರಿಯುತ್ತಾ ಬಂದಿದೆ. 1986-87ರಲ್ಲಿ ಬುಟ್ಟಿಯಿಂದ 19 ಅಡಿ 9 ಇಂಚು ದೂರ ಇತ್ತು. 2008ರಲ್ಲಿ ಒಂದಡಿ ಹಿಂದೆ ಹೋಯಿತು, 2019ರಲ್ಲಿ ಪುರುಷರಿಗೆ 22 ಅಡಿ ದಾಟಿತು. ಅಷ್ಟು ದೂರದಿಂದ ಹೊಡೆಯುವವರು ನಾಲ್ಕು ಜನ ಇದ್ದರೆ ತಡೆಯುವ ಎದುರಾಳಿಗಳು ಚದುರಲೇಬೇಕು. ಒಳಗೆ ಜಾಗ ಖಾಲಿಯಾಗುತ್ತದೆ. ಆ ಜಾಗವನ್ನು ಓದುವುದೇ ಈಗ ಗಾರ್ಡ್ ಕೆಲಸ.

ಮಹಿಳೆಯರ ಆಟದಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಆಡಿದ್ದ ಗಾರ್ಡ್ ಕೇಟ್ಲಿನ್ ಕ್ಲಾರ್ಕ್ ದೂರದ ಹೊಡೆತಕ್ಕೇ ಹೆಸರುವಾಸಿ. ಆದರೆ 2023ರಲ್ಲಿ ಲೂಯಿವಿಲ್ ಮೇಲೆ 41 ಪಾಯಿಂಟ್ ಹೊಡೆದ ದಿನವೇ 12 ಅಸಿಸ್ಟ್ (ಜೊತೆಯವರು ಬುಟ್ಟಿಗೆ ಹಾಕುವಂತೆ ಮಾಡಿದ ಪಾಸ್) ಕೊಟ್ಟಿದ್ದಳು. ಆ ಪಂದ್ಯ ಸಿಕ್ಕರೆ ಪಾಸ್‌ಗಳಿಗಾಗಿಯೇ ಇನ್ನೊಮ್ಮೆ ನೋಡಿ.